ಗಾಳಿ ತೊಟ್ಟ ಅಂಗಿಗೆ ಒಂದು ಮಟ್ಟು

ಆಂಧ್ರದ ಗಡಿಯ ರಾಯದುರ್ಗದ ಸುತ್ತಮುತ್ತಲ ಹಳ್ಳಿಗಳಲ್ಲಿ ನಾಟಕದ ಹಾರ್ಮೋನಿಯಂ ಮಾಸ್ತರನೆಂದು ನನಗೆ ಒಂದಷ್ಟು ಹೆಸರಿತ್ತು. ಆದರೆ ನಾನು ಒಂದೇ ಒಂದು ಹಾಡಿಗೂ ಸ್ವಂತವಾಗಿ ರಾಗ ಕಟ್ಟಿದವನಲ್ಲ. ಯಾರೂ ಕೇಳಿರಲಿಲ್ಲವಾದ್ದರಿಂದ ಅದು ಗುಟ್ಟೂ ಆಗಿರಲಿಲ್ಲ.

ನಮ್ಮ ಕಡೆ ಹಾಡು ಕಟ್ಟುವುದೆಂದರೆ ಮಟ್ಟು ಹಿಡಿಯುವುದು. ಜನರ ಬಾಯಲ್ಲಿ ಆಗಲೇ ಓಡಾಡುತ್ತಿರುವ ಒಂದು ಸಿನಿಮಾ ಹಾಡನ್ನು ತೆಗೆದುಕೊಂಡು, ಅದರ ಮಾತುಗಳನ್ನು ಕಿತ್ತು ಹಾಕಿ, ನಮ್ಮ ಮಾತುಗಳನ್ನು ತುಂಬುವುದು. ನಾಟಕದ ಪುಸ್ತಕದಲ್ಲಿ ಪ್ರತಿ ಹಾಡಿನ ತಲೆಯ ಮೇಲೂ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚಾಗಿರುತ್ತಿತ್ತು. ತುಂಬಿದ ಸಭೆಯಲ್ಲಿ ದ್ರೌಪದಿ ಅಳುವಾಗ, ತೆಲುಗು ಹೀರೋಯಿನ್ನು ಊಟಿಯಲ್ಲಿ ಕುಣಿದ ಮಟ್ಟಿನಲ್ಲೇ ಅತ್ತಳು. ಜನ ಕಣ್ಣೊರೆಸಿಕೊಂಡರು, ಕಾಲಿನಲ್ಲಿ ತಾಳವನ್ನೂ ಹಾಕಿದರು. ಇದರಲ್ಲಿ ಅಪಚಾರವೇನಾದರೂ ಇದ್ದಿದ್ದರೆ ಕೃಷ್ಣ ಅಷ್ಟೊಂದು ಸೀರೆ ಕೊಡುತ್ತಿರಲಿಲ್ಲ.

ನಾನು ಹೇಳುತ್ತಿರುವುದು ನಾಟಕ ಕಡಿಮೆಯಾಗಿ ಜೀನ್ಸು ಹೆಚ್ಚಾದ ಕಾಲದ ಮಾತು. ಊರಿನ ನಡುಮನೆಗಳಲ್ಲೆಲ್ಲ ಹೊಲಿಗೆ ಮಿಷನ್ನುಗಳು ಬಂದು ಕುಳಿತಿದ್ದವು. ಅಷ್ಟು ಸಾಲದೆಂದವರು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿದ್ದರು. ಬಳ್ಳಾರಿಯ ವ್ಯಾಪಾರಿಗಳು ಕಳಿಸಿದ ಬಟ್ಟೆಯನ್ನು ಪ್ಯಾಂಟು ಮಾಡಿ ಕೊಡುವ ಸಣ್ಣದೊಂದು ಶೆಡ್ಡು ನನ್ನದೂ ಇತ್ತು. ಕತ್ತರಿ ಹಿಡಿದರೂ ಮಾಸ್ತರ್, ಹಾರ್ಮೋನಿಯಂ ಹಿಡಿದರೂ ಮಾಸ್ತರ್. ಕಸುಬು ಬದಲಾದರೂ ಬಿರುದು ಉಳಿಯಿತು.

ಇಂಥದರಲ್ಲಿ ಒಂದು ಭಾನುವಾರ ನನ್ನ ಭಾಮೈದ ಬಂದಿಳಿದ. ಮಡಕಶಿರದ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುವವನು. ನೀರು ಕುಡಿಯುವುದಕ್ಕೂ ಮೊದಲೇ ಚೀಲದಿಂದ ಒಂದು ಹಾಳೆ ತೆಗೆದ.

“ಭಾವ, ನಮ್ ಕಾಲೇಜಲ್ಲಿ ಸಾಹಿತ್ಯದ ಕಾರ್ಯಕ್ರಮ ಐತೆ. ಅಮೆರಿಕದ ಒಬ್ಬಾಕೆ ಪದ್ಯ ಕನ್ನಡ ಮಾಡಿದೀನಿ. ನೀವು ರಾಗ ಹಾಕಿ ಹಾಡ್ಬೇಕು.”

“ಹಾಕೋಣ ಬಿಡು. ಯಾವ ಮಟ್ಟು ಬೇಕು?”

“ಮಟ್ಟೇ ಬ್ಯಾಡ!” ಎಂದು ಅವನು ಕಿರುಚಿದ ರಭಸಕ್ಕೆ ನನ್ನ ಹೆಂಡತಿ ಅಡುಗೆಮನೆಯಿಂದ ಇಣುಕಿದಳು.

ಹಿಂದಿನ ವರ್ಷ ಇದೇ ಕಾರ್ಯಕ್ರಮದಲ್ಲಿ ಒಂದು ಒಳ್ಳೆಯ ಕನ್ನಡ ಕವಿತೆಯನ್ನು ಯಾರೋ ಸಿನಿಮಾ ಮಟ್ಟಿನಲ್ಲಿ ಹಾಡಿದ್ದರಂತೆ. ಎರಡನೆಯ ಸಾಲಿಗೆ ಹಿಂದಿನ ಬೆಂಚಿನ ಹುಡುಗರು ಸಿನಿಮಾದ ಮಾತುಗಳನ್ನೇ ಹಾಡತೊಡಗಿದರು. ಮೂರನೆಯ ಸಾಲಿಗೆ ಶಿಳ್ಳೆ. ಹೀರೋಗೆ ಜೈಕಾರ. “ಪ್ರಿನ್ಸಿಪಾಲ್ರು ಎದ್ದು ನಿಂತು ಕೈ ಮುಗಿದ್ರೂ ಬಿಡ್ಲಿಲ್ಲ ಭಾವ. ಈ ಸಲಾನೂ ಅಂಗೇ ಆದ್ರೆ ಸ್ಟೇಜ್ ಮ್ಯಾಲೆ ಪದ್ಯ ಅನ್ನೋದನ್ನೇ ನಿಲ್ಲಿಸ್ತಾರಂತೆ. ಬರೀ ಭಾಷಣ ಇಡ್ತಾರಂತೆ.”

ಬರೀ ಭಾಷಣ! ನಾಗರಿಕತೆ ಯಾವ ಅಂಚಿಗೆ ಬಂದು ನಿಂತಿದೆ ಎಂಬುದು ನನಗೆ ಆಗ ಮನವರಿಕೆಯಾಯಿತು.

ಅವನು ಮುಂದುವರಿಸಿದ. ಆ ಕಡೆಯ ದೇಶಗಳಲ್ಲಿ ಒಂದು ಪದ್ಧತಿ ಇದೆಯಂತೆ. ಸಂಗೀತಗಾರ ಒಂದು ಪದ್ಯವನ್ನು ಮುಂದಿಟ್ಟುಕೊಂಡು, ಆ ಪದ್ಯಕ್ಕೆಂದೇ ರಾಗ ಕಟ್ಟುತ್ತಾನಂತೆ. ಹಾಡುವವರು ಒಬ್ಬರು, ಪಿಯಾನೋ ನುಡಿಸುವವರು ಒಬ್ಬರು. ಕುಣಿತವಿಲ್ಲ, ವೇಷವಿಲ್ಲ, ಕಥೆಯೂ ಇಲ್ಲ. ಜನ ಕುರ್ಚಿಯಲ್ಲಿ ಕುಳಿತು, ಕೆಮ್ಮು ಬಂದರೆ ತಡೆದುಕೊಂಡು ಕೇಳುತ್ತಾರಂತೆ. ಇದಕ್ಕೆ ಅವನು ‘ಕಲಾಗೀತೆ’ ಎಂದು ಹೆಸರಿಟ್ಟಿದ್ದ.

ಒಂದು ಪದ್ಯಕ್ಕೆ ಒಂದು ರಾಗ, ಒಬ್ಬನ ಮೈಗೆ ಅಳತೆ ತೆಗೆದು ಹೊಲಿದ ಹಾಗೆ! ಇಪ್ಪತ್ತೆಂಟರ ಸೊಂಟದಿಂದ ಮೂವತ್ತಾರರ ಸೊಂಟದವರೆಗೆ ಕಟ್ಟುಗಟ್ಟಲೆ ರೆಡಿಮೇಡ್ ಕತ್ತರಿಸುತ್ತಿದ್ದ ನನ್ನ ಮೈಯಲ್ಲಿ ಏನೋ ಜುಮ್ಮೆಂದಿತು. “ಕಟ್ತೀನಿ. ನನ್ನ ಸ್ವಂತದ್ದ ಕಟ್ತೀನಿ” ಎಂದುಬಿಟ್ಟೆ. ಆಮೇಲೆ ಪದ್ಯ ಓದಿದೆ.

*ತೊಳೆದ ಅಂಗಿಯನ್ನು ಹಗ್ಗಕ್ಕೆ ಹಾಕಿದೆ*
*ಊರಲ್ಲಿಲ್ಲದವನ ಅಂಗಿ*
*ಗಾಳಿ ಬಂದು ತೊಟ್ಟುಕೊಂಡಿತು*
*ತೋಳೆತ್ತಿತು*
*ನಾನೂ ಎತ್ತಿದೆ*
*ಪಕ್ಕದ ಮನೆಯವರು ನೋಡುವವರೆಗೆ*

ಅಷ್ಟೇ. ಪಲ್ಲವಿ ಇಲ್ಲ, ಪ್ರಾಸ ಇಲ್ಲ. ಒಂದು ಸಾಲು ಉದ್ದ, ಇನ್ನೊಂದು ಸಾಲಿಗೆ ಒಂದೇ ಮಾತು.

“ಉಳಿದಿದ್ದು ಎಲ್ಲಿ?” ಎಂದು ಹಾಳೆ ತಿರುಗಿಸಿ ನೋಡಿದೆ.

“ಮುಗೀತು ಭಾವ.”

“ಆಮ್ಯಾಲ ಪಕ್ಕದ ಮನಿಯವರು ಏನಂದರು?”

“ಅದನ್ನ ಆಕೆ ಬರೆದಿಲ್ಲ.”

ಹೆಂಡತಿ ಮಾತ್ರ ಹಾಳೆ ಇಸಿದುಕೊಂಡು ಎರಡು ಸಲ ಓದಿದಳು. “ಅಮೆರಿಕದಾಗೂ ಹಗ್ಗ ಕಟ್ಟಿ ಒಣಗಿಸ್ತಾರೇನು?” ಎಂದಳು. ಅಷ್ಟರಮಟ್ಟಿಗೆ ಆ ದೇಶದ ಮೇಲೆ ಅವಳಿಗೆ ನಂಬಿಕೆ ಹುಟ್ಟಿತು.

ಕಟ್ಟತೊಡಗಿದೆ. ರಾಗಗಳು ಬಂದವು, ಹೊರಗೆ ಕಾಯುತ್ತಾ ನಿಂತಿದ್ದವರ ಹಾಗೆ ಒಂದರ ಹಿಂದೊಂದು ಬಂದವು. ಇಷ್ಟು ಸುಲಭದ ಕೆಲಸವನ್ನು ಇಷ್ಟು ವರ್ಷ ಯಾಕೆ ಮಾಡಲಿಲ್ಲವೆಂದು ಸೋಜಿಗಪಟ್ಟೆ. ಆದರೆ ಸ್ವಂತದ್ದೆಂದು ನಾನೇ ಹೇಳಿಕೊಂಡರೆ ಆಯಿತೇ? ಪರೀಕ್ಷೆ ಆಗಬೇಕಲ್ಲ.

ಅದಕ್ಕೆ ನ್ಯಾಯಪೀಠ ನನ್ನ ಶೆಡ್ಡಿನಲ್ಲೇ ಇತ್ತು. ಮಧ್ಯಾಹ್ನ ಕರೆಂಟು ಹೋದರೆ ಮಿಷನ್ನುಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚುತ್ತಿದ್ದವು. ಕೆಲಸದವರು ಗೋಡೆಗೆ ಒರಗಿ, ರಟ್ಟಿನ ಚೂರಿನಿಂದ ಗಾಳಿ ಬೀಸಿಕೊಳ್ಳುತ್ತ ಕೂರುತ್ತಿದ್ದರು. ಅವರಲ್ಲಿ ಮುಖ್ಯ ನ್ಯಾಯಮೂರ್ತಿ, ಪ್ಯಾಂಟಿಗೆ ಸೊಂಟದ ಪಟ್ಟಿ ಕೂಡಿಸುತ್ತಿದ್ದ ಅಕ್ಕ. ಊರಿಗೆ ಬಂದ ತೆಲುಗು, ಕನ್ನಡ ಎರಡೂ ಪಿಚ್ಚರುಗಳನ್ನು ಬಿಡದೆ ನೋಡಿದವಳು. ಹಿಂದಿಯ ಖಾತೆ ಇಸ್ತ್ರಿ ಮಾಡುವ ಚಾಚಾನದು. ಹಾರ್ಮೋನಿಯಂ ಹೊರಗೆ ತೆಗೆದು ಕಟ್ಟಳೆ ಸಾರಿದೆ: ನಾನು ಬಾರಿಸುತ್ತೇನೆ, ಇದು ಇಂಥ ಪಿಚ್ಚರಿನದು ಎಂದು ಯಾರಾದರೂ ಹೇಳಿದರೆ ಆ ರಾಗ ಅಲ್ಲಿಗೇ ರದ್ದು.

ಮೊದಲ ರಾಗದ ಎರಡನೆಯ ಸಾಲು ನನ್ನ ಬೆರಳಲ್ಲಿರುವಾಗಲೇ ಅಕ್ಕ ಅದನ್ನು ಕಸಿದುಕೊಂಡು ತೆಲುಗಿನಲ್ಲಿ ಪೂರ್ತಿ ಹಾಡಿ ಮುಗಿಸಿದಳು. “ಇದಕ್ಕ ನಿದ್ದಿಗೆಟ್ಟು ಕುಂತಿದ್ರೇನ್ರಿ ಮಾಸ್ತರ್ರ? ನನ್ನ ಕೇಳಿದ್ರ ನಾನ ಹೇಳ್ತಿದ್ದೆ.”

ಎರಡನೆಯದನ್ನು ಚಾಚಾ ಹಿಡಿದ. “ಅರೇ ಮಾಸ್ತರ್, ಇದು ನಮ್ಮ ಲಗ್ನದಾಗ ಬ್ಯಾಂಡಿನವರು ಬಾರಿಸಿದ್ದು!” ಮೂರನೆಯದು ಶನಿವಾರದ ಭಜನೆ. ನಾಲ್ಕನೆಯದು ನಾನೇ ದ್ರೌಪದಿಗೆ ಕೊಟ್ಟದ್ದು. ಇನ್ನೊಂದನ್ನಂತೂ, ಯಾರಿಗೂ ಗುರುತು ಸಿಗದಿದ್ದರೂ, ಇನ್ನೂ ಬಿಡುಗಡೆಯಾಗದ ಪಿಚ್ಚರಿನದೆಂದು ಅಕ್ಕ ರದ್ದು ಮಾಡಿದಳು.

“ಪಿಚ್ಚರೇ ಬಂದಿಲ್ಲಲ್ಲಬೇ!” ಎಂದೆ.

“ಪೋಸ್ಟರ್ ಅಂಟ್ಸ್ಯಾರ್ರಿ. ಆ ಹೀರೋಂದು ಹಾಡು ಯಾವಾಗ್ಲೂ ಹಿಂಗ ಇರ್ತಾವ.”

ನ್ಯಾಯ ನಿಷ್ಠುರವಾಗಿತ್ತು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಕಾರ್ಯಕ್ರಮದ ದಿನ ಹತ್ತಿರ ಬರುತ್ತಿತ್ತು. ನನ್ನೊಳಗೆ ಇರುವುದೆಲ್ಲ ಬೇರೆಯವರದೇ ಎಂಬ ಅನುಮಾನವೂ ಅದರ ಜೊತೆಗೇ ಬರುತ್ತಿತ್ತು. ಆದರೆ ನಿಜ ಹೇಳುತ್ತೇನೆ, ಅಷ್ಟು ಖುಷಿಯಲ್ಲಿ ನಾನು ಎಂದೂ ಸೋತಿರಲಿಲ್ಲ. ಪ್ಯಾಂಟಿನ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುವಾಗಲೂ ಬಾಯಲ್ಲಿ ಅದೇ ಅಂಗಿ, ಅದೇ ಹಗ್ಗ. ಒಂದು ಕಟ್ಟು ಪ್ಯಾಂಟಿಗೆ ಜೇಬೇ ಇಲ್ಲದ ಹಾಗೆ ಕತ್ತರಿಸಿ ಅಕ್ಕನಿಂದ ಬೈಸಿಕೊಂಡೆ.

ಎಡವಟ್ಟಾಗುತ್ತಿದ್ದುದು ‘ತೋಳೆತ್ತಿತು’ ಎನ್ನುವ ಆ ಒಂಟಿ ಮಾತಿನಲ್ಲಿ. ಪ್ರತಿ ಸಲವೂ ತಾಳ ತುಂಬಲೆಂದು ಅದನ್ನು ಜಗ್ಗಿ ಜಗ್ಗಿ ನಾಲ್ಕು ಮಾತಿನಷ್ಟು ಉದ್ದ ಮಾಡುತ್ತಿದ್ದೆ. ಜಗ್ಗಿದೊಡನೆ ಅದು ಸಿನಿಮಾ ಆಗಿಬಿಡುತ್ತಿತ್ತು. ಒಂದು ಬೆಳಿಗ್ಗೆ, ಜಗ್ಗದೆ ಬಿಟ್ಟರೆ ಏನಾಗುತ್ತದೆ ನೋಡೋಣ ಎನಿಸಿತು. ಷಡ್ಜ ಹಿಡಿದು ಸುಮ್ಮನೆ ಕುಳಿತೆ.

ಆಗ ಬೆರಳಿಗೆ ಹಳೆಯದೊಂದು ಕೆಲಸ ನೆನಪಾಯಿತು. ನಾಟಕದಲ್ಲಿ ಹಾರ್ಮೋನಿಯಂ ಮಾಸ್ತರನ ದೊಡ್ಡ ವಿದ್ಯೆ ಹಾಡು ನುಡಿಸುವುದಲ್ಲ, ಕಾಯುವುದು. ದುರ್ಯೋಧನ ಒಳಗೆ ಇನ್ನೂ ಕಿರೀಟ ಕಟ್ಟಿಕೊಳ್ಳುತ್ತಿರುತ್ತಾನೆ, ಇಲ್ಲವೇ ಬೀಡಿ ಮುಗಿಸುತ್ತಿರುತ್ತಾನೆ. ಅವನು ಪರದೆ ಸರಿಸುವವರೆಗೆ ಒಂದೇ ಸ್ವರವನ್ನು ಹಿಡಿದು, ಅದು ಸಾಯದಂತೆ, ಜನ ಬೇಸರಪಡದಂತೆ, ಈಗ ಬಂದ, ಇನ್ನೇನು ಬಂದ ಎನಿಸುವಂತೆ ಜೀವಂತ ಇಡಬೇಕು. ಅದನ್ನು ನಾನು ಯಾವ ಪಿಚ್ಚರಿನಿಂದಲೂ ಕಲಿತಿರಲಿಲ್ಲ. ಬೀಡಿ ಸೇದುವ ದುರ್ಯೋಧನರಿಂದ ಕಲಿತಿದ್ದೆ.

ಈ ಪದ್ಯದಲ್ಲಿ ಒಳಗೆ ಬರಬೇಕಾದ ಪಾತ್ರ ಗಾಳಿ!

ಅಂಗಿಯನ್ನು ಹಗ್ಗಕ್ಕೆ ಹಾಕಿದೆ, ಊರಲ್ಲಿಲ್ಲದವನ ಅಂಗಿ: ಇದನ್ನು ಹೆಂಗಸರು ತಮ್ಮಷ್ಟಕ್ಕೆ ಮಾತಾಡಿಕೊಳ್ಳುವ ಹಾಗೆ, ಕೆಳಗಿನ ಸ್ವರದಲ್ಲಿ. ಆಮೇಲೆ ಷಡ್ಜ ಹಿಡಿದು ಕಾಯುವುದು. ಗಾಳಿ ಬರಲಿ. ಬಂದಿತು, ತೊಟ್ಟಿತು. ‘ತೋಳೆತ್ತಿತು’ ಎನ್ನುವಾಗ ಮೇಲಿನ ಸ್ವರಕ್ಕೆ ಒಂದೇ ಜಿಗಿತ, ಅಲ್ಲೇ ನಿಲುಗಡೆ. ‘ನಾನೂ ಎತ್ತಿದೆ’ಗೆ ಅದೇ ಜಿಗಿತ, ಆದರೆ ಅಳುಕುತ್ತ. ಕೊನೆಯ ಸಾಲಿಗೆ ಮೆಲ್ಲನೆ ಕೈ ಇಳಿಸುವುದು. ನಾನು ಎದ್ದು ಹಿತ್ತಿಲಿಗೆ ಓಡಿ ಹೆಂಡತಿಗೆ ಕೇಳಿಸಿದೆ. ಅವಳು ಸೌದೆ ಹಿಡಿದುಕೊಂಡೇ ನಿಂತು ಕೇಳಿ, “ಶೆಡ್ಡಿಗೆ ಹೋಗ್ರಿ ಮೊದಲ” ಎಂದಳು.

ಆ ದಿನ ಕರೆಂಟು ಹೋಗಲೊಲ್ಲದು! ವಿದ್ಯುತ್ ಇಲಾಖೆಯನ್ನು ಕರೆಂಟು ಕೊಟ್ಟದ್ದಕ್ಕಾಗಿ ಶಪಿಸಿದ ಮೊದಲ ಪ್ರಜೆ ನಾನೇ ಇರಬೇಕು. ಊಟದ ಹೊತ್ತು ಮೀರಿದ ಮೇಲೆ ಅಂತೂ ಹೋಯಿತು. ಹಾರ್ಮೋನಿಯಂ ಎಳೆದುಕೊಂಡು ಕುಳಿತೆ.

ಮೊದಲೆರಡು ಸಾಲು ಹಾಡಿ ಷಡ್ಜ ಹಿಡಿದೆ. ರಟ್ಟಿನ ಚೂರುಗಳು ಬೀಸುವುದನ್ನು ನಿಲ್ಲಿಸಿದವು. ಚಾಚಾ ಬಾಗಿಲ ಕಡೆ ಕತ್ತು ಹೊರಳಿಸಿ, “ಯಾರ್ ಬರ್ತಾರಿ?” ಎಂದ. ಅಕ್ಕ “ಶ್ಶ್” ಎಂದಳು. ಹಾಡಿ ಮುಗಿಸಿದೆ.

ಅಕ್ಕ ಕಣ್ಣು ಮುಚ್ಚಿಕೊಂಡು ತಾನು ನೋಡಿದ ಪಿಚ್ಚರುಗಳನ್ನೆಲ್ಲ ಹಿಂದಿನಿಂದ ಮುಂದಕ್ಕೆ ಜಾಲಾಡುತ್ತಿರುವುದು ಅವಳ ಹುಬ್ಬಿನಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ಚಾಚಾ ಬೆರಳೆತ್ತಿದ. “ಇದು ಒಂದು ಹಳೇ ಹಿಂದಿ ಪಿಚ್ಚರ್ದು.”

ನಾನು ಹಾರ್ಮೋನಿಯಂ ಮುಚ್ಚಲು ಕೈ ಹಾಕಿದೆ.

“ಯಾವ ಪಿಚ್ಚರು?” ಎಂದಳು ಅಕ್ಕ.

“ಹೆಸರು ನೆನಪಿಲ್ಲ. ಆದ್ರ ಐತಿ.”

“ಹಂಗಾದ್ರ ಹಾಡ್ರಿ ನೋಡೋಣು.”

ಚಾಚಾ ಗಂಟಲು ಸರಿಪಡಿಸಿಕೊಂಡು ಶುರು ಮಾಡಿದ. ಮೊದಲ ಹೆಜ್ಜೆ ನನ್ನದೇ ದಾರಿ. ಎರಡನೆಯ ಹೆಜ್ಜೆಗೆ ಅವನು ಹೊರಳಿ, ತನ್ನ ಲಗ್ನದ ಬ್ಯಾಂಡಿನ ಹಾಡಿಗೇ ಹೋಗಿ ಸೇರಿಕೊಂಡ. ಶೆಡ್ಡೆಲ್ಲ ಗೊಳ್ಳೆಂದಿತು.

“ನಿಮ್ಮ ಲಗ್ನ ಇನ್ನಾ ಮುಗಿದಿಲ್ಲೇನ್ರಿ ಚಾಚಾ!” ಎಂದು ಅಕ್ಕ ನನ್ನ ಕಡೆ ತಿರುಗಿದಳು. “ಇದು ಯಾವ್ದೂ ಅಲ್ರಿ ಮಾಸ್ತರ್ರ. ಇದು ನಿಮ್ದ. ಇನ್ನೊಮ್ಮೆ ಹಾಡ್ರಿ.”

ಆ ಇನ್ನೊಮ್ಮೆಯ ನಡುವೆ, ನಾನು ಷಡ್ಜ ಹಿಡಿದು ಗಾಳಿಗೆ ಕಾಯುವಾಗ, ಕರೆಂಟು ಬಂತು. ಟ್ಯೂಬ್‌ಲೈಟು ಮಿಣುಕಿತು, ಫ್ಯಾನು ತಿರುಗಿತು. ಪೀಸಿನ ಲೆಕ್ಕದಲ್ಲಿ ದುಡಿಯುವ ಜನ, ಒಬ್ಬರೂ ಪೆಡಲ್ ಒತ್ತಲಿಲ್ಲ. ಅಕ್ಕ ಮಾತ್ರ, “ಲಗೂ ಗಾಳಿ ಒಳಗ ಬಿಡ್ರಿ, ಹೊಲಿಯಾಕ ಬಂಡಲ್ ಬಿದ್ದಾವ” ಎಂದಳು.

ಎರಡು ಕಡೆ ಬಸ್ಸು ಬದಲಿಸಿ, ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ಮಡಕಶಿರ ಸೇರಿದೆ. ಸಭಾಂಗಣ ತುಂಬಿತ್ತು. ಹಿಂದಿನ ಬೆಂಚುಗಳು ಶಿಳ್ಳೆಗೆ ತುಟಿ ಒದ್ದೆ ಮಾಡಿಕೊಂಡು ಕುಳಿತಿದ್ದವು. ಭಾಮೈದ ಪದ್ಯದ ಅರ್ಥ ಹೇಳಿ, ಬೆವರು ಒರೆಸಿಕೊಂಡು ಬದಿಗೆ ಸರಿದ. ನಾನು ಮೊದಲೆರಡು ಸಾಲು ಹಾಡಿ ಷಡ್ಜ ಹಿಡಿದೆ.

ಹುಡುಗರು ಕಾದರು. ಹಾಡಲು ಮಾತು ಗೊತ್ತಿದ್ದರಲ್ಲವೇ ಅವರು ಹಾಡುವುದು? ಒಬ್ಬ ಅರ್ಧ ಶಿಳ್ಳೆ ಹಾಕಿ, ಅದು ಎಲ್ಲಿಗೂ ಸೇರದೆ, ತಾನೇ ನಾಚಿ ನುಂಗಿಕೊಂಡ. ‘ತೋಳೆತ್ತಿತು’ ಎನ್ನುವಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ತಲೆ ಎತ್ತಿ ಮೇಲೆ ನೋಡಿದಳು, ಅಲ್ಲಿ ನಿಜಕ್ಕೂ ಅಂಗಿ ಇದ್ದ ಹಾಗೆ. ಹಾಡು ಮುಗಿಯಿತು. ಆಮೇಲೆ ಚಪ್ಪಾಳೆ. ಪ್ರಿನ್ಸಿಪಾಲರು ಈ ಸಲ ಕೂತುಕೊಂಡೇ ಕೈ ಮುಗಿದರು.

ಜನ ಚದುರಿದ ಮೇಲೆ ಹಿರಿಯರೊಬ್ಬರು ವೇದಿಕೆ ಹತ್ತಿರ ಬಂದರು. ಮೊಮ್ಮಗಳು ಬಹುಮಾನ ತೆಗೆದುಕೊಳ್ಳುವುದನ್ನು ನೋಡಲು ಬಂದ ಅಮರಾಪುರದ ಕಡೆಯವರು. ಊರಿನ ಭಜನೆ ಮೇಳ ನಡೆಸುವವರು.

“ಸಾಮಿ, ಅದ್ಯಾವ ಮಟ್ಟು?”

“ಯಾವ್ದೂ ಅಲ್ರಿ. ನಂದ.”

“ಅಂಗಾದ್ರೆ ನಿಮ್ ಮಟ್ಟು ಅಂತಾನೇ ಹೇಳ್ತೀವಿ. ನಮ್ಗೆ ಕೊಡೋಕಾಯ್ತದಾ? ಆಂಜನೇಯನ ಮ್ಯಾಲೆ ಒಂದು ಪದ ಐತೆ, ರಾಗ ಸಿಕ್ದೆ ಬಿದ್ದೈತೆ.”

ನನ್ನ ಮಟ್ಟು! ಭಾಮೈದ ನಡುವೆ ಬಂದ. “ತಾತ, ಇದು ಕಲಾಗೀತೆ. ಆ ಅಮೆರಿಕದ ಪದ್ಯಕ್ಕೆ ಅಂತಲೇ ಕಟ್ಟಿರೋದು. ಬ್ಯಾರೆ ಪದಕ್ಕೆ ಕೂರಲ್ಲ. ಇದು ಗಾಳಿ ಮ್ಯಾಲೆ ಐತೆ.”

“ಅಂಗಾದ್ರೆ ಇನ್ನೂ ಒಳ್ಳೇದಾಯ್ತು ಬಿಡು ಮಗ,” ಎಂದರು ಹಿರಿಯರು. “ನಮ್ಮೋನು ಆ ಗಾಳಿ ಮಗಾನೇ ಅಲ್ವಾ. ಮನೆ ಸೊತ್ತು ಮನೇಗೇ ಬಂದಂಗಾಯ್ತು.”

ಇಂಗ್ಲಿಷ್ ಸಾಹಿತ್ಯ ಹೋಗಿ ಗೋಡೆಗೆ ಒರಗಿತು. ನಾನು ಮತ್ತೆ ಪೆಟ್ಟಿಗೆ ಬಿಚ್ಚಿದೆ. ಅಮೆರಿಕದ ಕವಯಿತ್ರಿಯನ್ನು ಗೌರವದಿಂದ ಕೆಳಗಿಳಿಸಿ ಆಂಜನೇಯನನ್ನು ಕೂರಿಸಲಾಯಿತು. ಕಾಲೇಜಿನ ಜವಾನ ಬೀಗದ ಕೈ ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತ. ಹಿರಿಯರು ಕಂಚಿನ ಕಂಠದಲ್ಲಿ ಎರಡು ಸಾಲು ಹಾಡಿ, ಷಡ್ಜದಲ್ಲಿ ಸ್ವಲ್ಪ ಹೊತ್ತು ನಿಂತು, ಆತುರಪಟ್ಟು ಮುಂದಿನ ಸಾಲಿಗೆ ನುಗ್ಗಿಬಿಟ್ಟರು.

“ತಡೀರಿ, ತಡೀರಿ!” ಎಂದು ಕೂಗಿದವನು ನಾನಲ್ಲ. ಅಷ್ಟು ಹೊತ್ತು ಮುಖ ಊದಿಸಿಕೊಂಡು ಗೋಡೆಗೆ ಒರಗಿದ್ದ ಭಾಮೈದ ಕೈ ಮೇಲೆತ್ತಿಕೊಂಡು ಬಂದ. “ಎಲ್ಲಿಗೆ ಓಡ್ತೀರಿ ತಾತ? ಇನ್ನೂ ಸ್ವಲ್ಪ ಹಿಡ್ಕೊಳ್ಳಿ. ಆಂಜನೇಯ ಇನ್ನೂ ಬಂದಿಲ್ಲ.”