ಹದಿನಾಲ್ಕು ಲೋಟಗಳ ಮೌನ

ಬೆಳಗಿನ ಐದೂಮುಕ್ಕಾಲು. ವಿಶ್ವವಿದ್ಯಾಲಯದ ನಾಲ್ಕನೆಯ ಮಹಡಿಯ ಸಭಾಕೊಠಡಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಉದ್ದನೆಯ ಮೇಜಿನ ಮೇಲೆ ಹಿಂದಿನ ಸಂಜೆ ಜೋಡಿಸಿಟ್ಟ ಹದಿನಾಲ್ಕು ನೀರಿನ ಬಾಟಲಿಗಳನ್ನು ಅಟೆಂಡರ್ ನೀರಣ್ಣ ಒಂದೊಂದಾಗಿ ಎತ್ತಿ ಅಲ್ಮಾರಿಯೊಳಗೆ ಇಡುತ್ತಿದ್ದಾರೆ. ಬೀಗ ಹಾಕಿ ಕೀಲಿಯನ್ನು ಜೇಬಿಗೆ ಇಳಿಬಿಡುತ್ತಾರೆ. ಆ ಬಾಟಲಿಗಳನ್ನು ಇಡಿಸಿದವರು ವಿದೇಶ ವಿಭಾಗದ ಹೊಸ ನಿರ್ದೇಶಕಿ. ಮೂವತ್ತೊಂದು ವರ್ಷಗಳ ಚಾಕರಿಯಲ್ಲಿ ನೀರಣ್ಣ ಮೇಲಿನವರ ಮಾತು ಮೀರುತ್ತಿರುವುದು ಇದೇ ಮೊದಲು.

ಬಾಟಲಿಗಳಿದ್ದ ಜಾಗಕ್ಕೆ ಗಾಜಿನ ಲೋಟಗಳು ಬರುತ್ತವೆ. ಒಂದೊಂದನ್ನೂ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಕೊನೆಗೆ, ಹಿಡಿ ಕೊಂಚ ಸೊಟ್ಟಗಾದ ಒಂದು ಸ್ಟೀಲ್ ಜಗ್ಗು.

"ಬಾಟಲಿ ಕೊಟ್ರೆ ಅವರವರೇ ಕುಡ್ಕೋತಾರೆ. ಆಮೇಲೆ ನಂಗೇನು ಕೆಲಸ?" ಎಂದು ನಗುತ್ತಾರೆ. ಜೇಬು ಮುಟ್ಟಿ, ಕೀಲಿ ಇದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳುತ್ತಾರೆ.

ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯದೊಂದಿಗೆ ಇಲ್ಲಿಯವರದು ಮೂವತ್ತು ವರ್ಷಗಳ ನಂಟು. ವರ್ಷಕ್ಕೆ ಎಂಟು ವಿದ್ಯಾರ್ಥಿಗಳು ಅಲ್ಲಿಗೆ, ಎಂಟು ಮಂದಿ ಇಲ್ಲಿಗೆ. ಅದನ್ನು ಕುದುರಿಸಿದವರು ಇಲ್ಲಿನ ಒಬ್ಬ ಮೇಷ್ಟ್ರು. ಮೊದಲ ಸಭೆಯಲ್ಲೇ ಎಡವಟ್ಟಾಗಿತ್ತು. ದೊಡ್ಡ ಪ್ರಶ್ನೆಗೆ ತಲೆ ತಗ್ಗಿಸಿ ಎರಡು ಮೂರು ನಿಮಿಷ ಸುಮ್ಮನಿದ್ದು ಉತ್ತರಿಸುವುದು ಆ ಅತಿಥಿಗಳಲ್ಲಿ ಮರ್ಯಾದೆ. ನಮ್ಮವರಿಗೆ ಆ ಮೌನ ತಡೆಯಲಿಲ್ಲ. ಒಪ್ಪಿಗೆಯಿಲ್ಲವೆಂದು ಹೆದರಿ, ಕೇಳಿದ್ದನ್ನು ತಾವೇ ಕಡಿಮೆ ಮಾಡುತ್ತ ಹೋದರು. ಇವರಿಗೇ ಇದು ಬೇಡವೇನೋ ಎಂದು ಅತಿಥಿಗಳು ಮುಖ ಮುಖ ನೋಡಿಕೊಂಡರು. ಆ ಹೊತ್ತಿಗೆ ಸರಿಯಾಗಿ ಹೊಸದಾಗಿ ಸೇರಿದ್ದ ಅಟೆಂಡರ್ ಜಗ್ಗು ಹಿಡಿದು ಒಳಗೆ ಬಂದು, ಚೆಲ್ಲೀತೆಂಬ ಭಯಕ್ಕೆ ಬಲು ನಿಧಾನವಾಗಿ ನೀರು ಹಾಕತೊಡಗಿದರು. ಎಲ್ಲರೂ ಮಾತು ನಿಲ್ಲಿಸಿದರು. ಕೊನೆಯ ಲೋಟ ತುಂಬುವಷ್ಟರಲ್ಲಿ ಅತಿಥಿಗಳು ಒಪ್ಪಿದ್ದರು.

ಅಂದು ಸಂಜೆ ಮೇಷ್ಟ್ರು ಆ ಅಟೆಂಡರ್ ಹೆಗಲ ಮೇಲೆ ಕೈಯಿಟ್ಟು ಹೇಳಿದರಂತೆ: "ನೋಡಪ್ಪಾ, ಅವರು ಸುಮ್ಮನಾದಾಗ ನಮ್ಮೋರ ಬಾಯಿ ಕಟ್ಟೋ ಕೆಲಸ ಇನ್ಮೇಲೆ ನಿಂದು. ನನ್ನ ಬಾಯೂ ಸೇರಿಸಿ."

ಅವರ ಹೆಸರು ನೀರಣ್ಣ ಎಂದಾದದ್ದು ಅಲ್ಲಿಂದ. ಲೋಟಕ್ಕೆ ಹತ್ತು ಸೆಕೆಂಡು. ಹದಿನಾಲ್ಕಕ್ಕೆ, ನಡಿಗೆಯೂ ಸೇರಿ, ಹತ್ತಿರ ಹತ್ತಿರ ಮೂರು ನಿಮಿಷ. ಸಾಲದಿದ್ದರೆ ಎರಡನೆಯ ಸುತ್ತು. ಇದುವರೆಗೆ ಐವತ್ತೆಂಟು ಸಭೆಗಳು. ಲಿಫ್ಟ್ ಬರುವ ಮೊದಲು ಎಂಬತ್ತೆಂಟು ಮೆಟ್ಟಿಲು ಹತ್ತಿ ಹತ್ತಿ ಮೊಣಕಾಲು ಸವೆದಿದೆ.

"ಮನೇಲಿ ಒಂದು ಲೋಟ ನೀರು ತಂದ್ಕೊಡಿ ಅಂದ್ರೆ ನನ್ನ ಮುಖ ನೋಡ್ತಾರೆ. ಅಲ್ಲಿ ಮಾತ್ರ ನೀರಲ್ಲೇ ಹೆಸರು ಮಾಡಿದ್ದಾರೆ," ಎನ್ನುತ್ತಾರೆ ಹೆಂಡತಿ.

ಮೇಷ್ಟ್ರು ಕಳೆದ ವರ್ಷ ತೀರಿಕೊಂಡರು. ನೀರಣ್ಣ ಕೊನೆಯ ಸಲ ಆಸ್ಪತ್ರೆಗೆ ನೋಡಲು ಹೋದಾಗ ಅವರ ಮಾತು ನಿಂತಿತ್ತು. "ನಾನೂ ಮಾತಾಡ್ಲಿಲ್ಲ. ಕೈ ಹಿಡ್ಕೊಂಡು ಒಂದು ಗಂಟೆ ಕೂತಿದ್ದೆ. ಅವರು ಕಲಿಸಿದ್ದೇ ಅದಲ್ವಾ? ದೇವರು ಅಷ್ಟು ಹೊತ್ತು ಕೊಟ್ಟ, ಸಾಕು," ಎನ್ನುವ ನೀರಣ್ಣ ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಾರೆ.

ಕಳೆದ ತಿಂಗಳ ಸಭೆ ಕಂಪ್ಯೂಟರ್ ಪರದೆಯ ಮೇಲೆ ನಡೆಯಿತು. ಅಲ್ಲಿ ಜಗ್ಗಿಗೆ ಜಾಗವೆಲ್ಲಿ? ಅತಿಥಿಗಳು ಸುಮ್ಮನಾದರು. ನಿರ್ದೇಶಕಿ ಗಾಬರಿಯಾಗಿ ಎಂಟು ವಿದ್ಯಾರ್ಥಿಗಳನ್ನು ಆರಕ್ಕೆ, ಆರನ್ನು ನಾಲ್ಕಕ್ಕೆ ಇಳಿಸಿದರು. ಏನೂ ತೀರ್ಮಾನವಾಗಲಿಲ್ಲ. ಒಪ್ಪಂದದ ಅವಧಿ ಈ ವಾರಕ್ಕೆ ಮುಗಿಯುತ್ತದೆ. ಇವತ್ತು ಅತಿಥಿಗಳೇ ಖುದ್ದಾಗಿ ಬರುತ್ತಿದ್ದಾರೆ. ಇಂದು ತಪ್ಪಿದರೆ ಮೇಷ್ಟ್ರು ಕಟ್ಟಿದ ನಂಟು ಕಡಿದುಹೋದಂತೆ.

"ಮೇಡಂಗೆ ಹೇಳೋಕೆ ಹೋಗಿದ್ದೆ. ನೀರು ಅಂತ ಬಾಯಿ ತೆಗೆದೆ. 'ಅದರ ವ್ಯವಸ್ಥೆ ಆಗಿದೆ' ಅಂದುಬಿಟ್ರು."

ಹನ್ನೊಂದು ಗಂಟೆ. ಎಂಟು ವಿದ್ಯಾರ್ಥಿಗಳಂತೆ ಇನ್ನೈದು ವರ್ಷ ಮುಂದುವರಿಸೋಣವೇ ಎಂದು ನಿರ್ದೇಶಕಿ ಕೇಳುತ್ತಾರೆ. ಅತಿಥಿಗಳ ಹಿರಿಯಾಕೆ ಪೆನ್ನು ಕೆಳಗಿಟ್ಟು ತಲೆ ತಗ್ಗಿಸುತ್ತಾರೆ. ಅರ್ಧ ನಿಮಿಷ. ನಿರ್ದೇಶಕಿ ಇನ್ನೇನು ಬಾಯಿ ತೆರೆಯಬೇಕು, ಅವರೆದುರಿಗೇ ಜಗ್ಗು ಬಾಗುತ್ತದೆ. ಅವರು ಕಣ್ಣು ಕೆಂಪಗೆ ಮಾಡುತ್ತಾರೆ. ನೀರಣ್ಣ ಲೋಟವನ್ನಷ್ಟೇ ನೋಡುತ್ತ, ಮನಸ್ಸಿನಲ್ಲಿ ದೇವರನ್ನು ನೆನೆಯುತ್ತ ನೀರು ಹಾಕುತ್ತಾರೆ. ಎರಡನೆಯ ಲೋಟ. ಐದನೆಯದು. ಹನ್ನೊಂದನೆಯ ಲೋಟದ ಬಳಿ ಹಿರಿಯಾಕೆ ತಲೆ ಎತ್ತುತ್ತಾರೆ.

"ಎಂಟೇ ಇರಲಿ," ಎನ್ನುತ್ತಾರೆ. "ನಿಮ್ಮ ಮೇಷ್ಟ್ರಿದ್ದಾಗ ಇದ್ದ ಹಾಗೆ."

ಕೊಠಡಿ ಬರಿದಾದ ಮೇಲೆ ನಿರ್ದೇಶಕಿ ತಿರುಗಿ ಬರುತ್ತಾರೆ. "ಬಾಟಲಿಗಳೆಲ್ಲಿ?"

ನೀರಣ್ಣ ಕೀಲಿಯನ್ನು ಮೇಜಿನ ಮೇಲಿಡುತ್ತಾರೆ. "ತಪ್ಪಾಯ್ತು ಮೇಡಂ." ಆಮೇಲೆ ಮೇಷ್ಟ್ರ ಕಥೆಯೆಲ್ಲ ಹೇಳುತ್ತಾರೆ. ಕೇಳಿದ ನಿರ್ದೇಶಕಿ ಬಹಳ ಹೊತ್ತು ಏನೂ ಹೇಳದೆ ಕೂತುಬಿಡುತ್ತಾರೆ. ರೂಢಿಯ ಬಲ, ನೀರಣ್ಣ ಅವರ ಲೋಟಕ್ಕೂ ನೀರು ಹಾಕುತ್ತಾರೆ. ಇಬ್ಬರಿಗೂ ನಗು ಬರುತ್ತದೆ.

"ನಿಮ್ಮ ಸರ್ವಿಸ್ ಇನ್ನೆಷ್ಟಿದೆ?"

"ಎರಡು ತಿಂಗಳು ಮೇಡಂ. ನಾನು ಹೋದ್ಮೇಲೆ ಈ ಜಗ್ಗನ್ನ ಅಲ್ಮಾರಿಗೆ ಹಾಕ್ಬೇಡಿ. ಅಷ್ಟು ಮಾಡಿ, ಸಾಕು."

"ಕೊಡಿ ಇಲ್ಲಿ," ಎಂದು ನಿರ್ದೇಶಕಿ ಜಗ್ಗು ತೆಗೆದುಕೊಳ್ಳುತ್ತಾರೆ. ಕಿಟಕಿಯ ಪಕ್ಕ ಮೇಷ್ಟ್ರು ಕೂರುತ್ತಿದ್ದ ಕುರ್ಚಿಯ ಮುಂದೊಂದು ಖಾಲಿ ಲೋಟ. ಅದಕ್ಕೆ ದಡಬಡ ನೀರು ಸುರಿಯಲು ಹೊರಡುತ್ತಾರೆ.

"ನಿಧಾನ ಮೇಡಂ," ಎನ್ನುತ್ತಾರೆ ನೀರಣ್ಣ, ಖಾಲಿ ಕುರ್ಚಿಯ ಕಡೆ ನೋಡುತ್ತ. "ಅವರಿನ್ನೂ ಯೋಚನೆ ಮಾಡ್ತಿದ್ದಾರೆ."