ಆಯಿಲ್ ಮುಚ್ಚಳದೊಳಗಿನ ಬೆಣ್ಣೆ

ನಾನು ನಿಂತಿದ್ದದ್ದು ಶ್ರೀನಿವಾಸಪುರದಲ್ಲಿ, ನನ್ನ ಷಡ್ಡಕ ನಾರಾಯಣಪ್ಪನವರ ಮನೆ ಮುಂದೆ, ಅವರ ಕಾರಿನ ಎಡ ಮಡ್‌ಗಾರ್ಡ್ ಪಕ್ಕದಲ್ಲಿ. ಎಪ್ಪತ್ತೊಂಬತ್ತರ ಧನುರ್ಮಾಸ. ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇತ್ತು. (ಗಡಿಯಾರ ನೋಡಿಕೊಂಡಿದ್ದೆ, ಏಳೂವರೆಗೆ ನನಗೆ ಡ್ಯೂಟಿ.)

ಡ್ಯೂಟಿ ಎಂದರೆ ಬಸ್ ಶೆಡ್ಡಿನಲ್ಲಿ ಇಂಜಿನ್ ಬಿಚ್ಚುವುದು. ಹನ್ನೊಂದು ವರ್ಷ ಬಿಚ್ಚಿದ್ದೆ. ನನ್ನದು ಸೈಕಲ್. ಇಂಜಿನ್ನಿನ ಗಂಧಗಾಳಿಯಿಲ್ಲದ, ಮಾವಿನ ಮಂಡಿಯ ನಾರಾಯಣಪ್ಪನವರಿಗೆ ಕಾರು! "ನಮ್ಮಕ್ಕ ಇನ್ಮೇಲೆ ನಡೆಯೋದೇ ಇಲ್ವಂತೆ," ಎಂದು ನನ್ನ ಹೆಂಡತಿ ವಾರಕ್ಕೆ ಮೂರು ಸಲ ಹೇಳುತ್ತಿದ್ದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

ಅವರು ಆ ಕಾರನ್ನು ಓಡಿಸುತ್ತಲೇ ಇರಲಿಲ್ಲ. ಓಡಿಸಿದರೆ ಸವೆಯುತ್ತದಂತೆ! ದಿನಾ ಬೆಳಿಗ್ಗೆ ಕುಂಕುಮ ಇಟ್ಟು, ಸ್ಟಾರ್ಟ್ ಮಾಡಿ, ಬೀದಿಗೆಲ್ಲ ಕೇಳುವಂತೆ ಎರಡು ನಿಮಿಷ ರೇಸ್ ಮಾಡಿ, ಮತ್ತೆ ಹೊದಿಕೆ ಹೊದಿಸುವುದು. ಅಷ್ಟೇ.

ಅಂದು ಆಯಿಲ್ ಮುಚ್ಚಳ ತಿರುಗಿಸಿ ನನ್ನ ಮುಂದೆ ಹಿಡಿದರು. ಒಳಗೆಲ್ಲ ಬಿಳಿ.

"ಏನಪ್ಪಾ ಮೆಕ್ಯಾನಿಕ್ಕು, ನನ್ ಕಾರು ಬೆಣ್ಣೆ ಕೊಡ್ತದಲ್ಲ?"

ನನಗೆ ಗೊತ್ತಿತ್ತು. ಸರಿಯಾಗಿ ಬಿಸಿಯೇರದ ಇಂಜಿನ್ನಿನಲ್ಲಿ ನೀರಿನ ಪಸೆ ಆರುವುದಿಲ್ಲ. ಎಣ್ಣೆಗೆ ಸೇರಿ ಹೀಗಾಗುತ್ತದೆ. ಹಿಂದಿನ ತಿಂಗಳಷ್ಟೇ ನಮ್ಮ ಮಾಲೀಕರ ನಿಂತ ಜೀಪಿನಲ್ಲಿ ಇದನ್ನೇ ಕಂಡು, ಮನೆಗೆ ಬಂದು ಹೆಂಡತಿಗೂ ವಿವರಿಸಿದ್ದೆ. ಆಯಿಲ್ ಬದಲಿಸಿ, ವಾರಕ್ಕೊಮ್ಮೆ ಮುಳಬಾಗಿಲವರೆಗೆ ಓಡಿಸಿ ಬಂದರೆ ಸಾಕು. ಹೇಳಲು ಎಷ್ಟು ಹೊತ್ತು?

"ಥಂಡಿಗೆ ಹಂಗಾಗ್ತದಣ್ಣ. ಏನೂ ಆಗಲ್ಲ ಬಿಡಿ," ಎಂದೆ.

ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತಿದ್ದ ನನ್ನ ಹೆಂಡತಿಯತ್ತ ತಿರುಗಿ ಅವರು ಮುಚ್ಚಳ ತೋರಿಸಿದರು. "ನಿನ್ ಗಂಡ ಹೇಳಿದ್ಮೇಲೆ ಮುಗೀತು ಕಣಮ್ಮ!" ಮುಚ್ಚಳ ಹಾಕಿದರು.

ಮೇ ತಿಂಗಳಲ್ಲಿ ಅವರ ಮಗಳು ಸರೋಜಳಿಗೆ ಕೋಲಾರದಲ್ಲಿ ಟೀಚರ್ ಟ್ರೈನಿಂಗಿನ ಇಂಟರ್‌ವ್ಯೂ. ಹತ್ತು ಗಂಟೆಗೆ. ಮನೆಯಲ್ಲಿ ಕಾರಿರುವಾಗ ಬಸ್ಸೇಕೆ? ಅರ್ಧ ದಾರಿಯಲ್ಲಿ ಇಂಜಿನ್ ಹಿಡಿದುಕೊಂಡಿತು. ಸರೋಜ ಕೋಲಾರ ತಲುಪಿದಾಗ ಹನ್ನೆರಡೂವರೆ. ಮರುವರ್ಷ ಮದುವೆ ಮಾಡಿಬಿಟ್ಟರು.

ಇಂಜಿನ್ ಬಿಚ್ಚಿದವನು ನಾನೇ. ಆ ಬಿಳಿ ಕಪ್ಪಗೆ ಗಟ್ಟಿಯಾಗಿ, ಎಣ್ಣೆ ಮೇಲೇರುವ ಜಾಲರಿಯನ್ನು ಪೂರಾ ಮುಚ್ಚಿತ್ತು. ಪಕ್ಕದಲ್ಲಿ ನಿಂತಿದ್ದ ಸರೋಜ ಕೇಳಿದಳು: "ನಿಮ್ಗೂ ಗೊತ್ತಾಗ್ಲಿಲ್ವಾ ಚಿಕ್ಕಪ್ಪ?"

ನಾರಾಯಣಪ್ಪನವರು ಹೋದ ವರ್ಷ ತೀರಿಕೊಂಡರು. ಆ ಬೆಳಿಗ್ಗೆ ಮುಚ್ಚಳ ನೋಡಿದವರಲ್ಲಿ, ನನ್ನ ಮಾತು ಕೇಳಿಸಿಕೊಂಡವರಲ್ಲಿ, ನನ್ನನ್ನು ಬಿಟ್ಟು ಈಗ ಉಳಿದಿರುವವಳು ನನ್ನ ಹೆಂಡತಿಯೊಬ್ಬಳೇ.

ಎಲ್ಲ ಗೊತ್ತಿದ್ದೂ ಅವಳೇಕೆ ಸುಮ್ಮನಿದ್ದಳು?