ದಮ್ಮು ಯಾವಾಗಿಂದ?

ಸುಮ್ಮನೆ ಕೂತಿದ್ದಾಗಲೂ ಬ್ಯಾಂಡ್ ಮಾಸ್ಟರ ತುಟಿ ಸೀಟಿ ಊದುವವರಂತೆ ದುಂಡಗೆ ಮುಂದಕ್ಕೆ ಚಾಚಿರುತ್ತಿತ್ತು. ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿದವರಲ್ಲವೇ, ಹಳೆಯ ರೂಢಿ ಎಂದುಕೊಂಡಿದ್ದೆ. ಅದು ಉಸಿರನ್ನು ಹೊರಗೆ ದಬ್ಬಲು ಪಡುತ್ತಿದ್ದ ಪಾಡು ಎಂದು ಆಮೇಲೆ ತಿಳಿಯಿತು.

ಹಲಸೂರಿನ ನಮ್ಮ ವಠಾರದಲ್ಲಿ ಬ್ಯಾಂಡ್ ಮಾಸ್ಟರದು ಕೆಳಮನೆ. ಮೆಟ್ಟಿಲ ಮೇಲೆ ಕೂತು, ಎರಡು ಮಾತಿಗೊಮ್ಮೆ ನಿಲ್ಲಿಸಿ, "ದಮ್ಮು ನಾನು ಬಿಟ್ಟೆ ಪ್ರೊಫೆಸರ್ರೇ, ದಮ್ಮು ನನ್ನ ಬಿಡ್ತಿಲ್ಲ" ಎಂದು ನಗುತ್ತಿದ್ದರು. ನಮ್ಮ ಕಡೆ ಬೀಡಿ ಸೇದುವುದೂ ದಮ್ಮೇ, ಉಬ್ಬಸವೂ ದಮ್ಮೇ.

"ಬರೀ ಸುಳ್ಳು! ಬಚ್ಚಲಲ್ಲಿ ನಿಂತ್ಕೊಂಡು ಸೇದ್ತಾರೆ" ಎಂದು ಅವರ ಹೆಂಡತಿ ಒಳಗಿನಿಂದ ಕೂಗುತ್ತಿದ್ದರು.

ಒಂದು ಬೆಳಿಗ್ಗೆ ಆ ತುಟಿ ನೀಲಿಗಟ್ಟಿತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ತುರ್ತು ವಿಭಾಗದ ಡಾಕ್ಟರು ಕೇಳಿದರು: "ದಮ್ಮು ಯಾವಾಗಿಂದ?"

"ಹುಡುಗ... ಇದ್ದಾಗಿಂದ" ಎಂದರು ಮಾಸ್ಟರು, ಏದುಸಿರಿನಲ್ಲೇ.

ಬಾಲ್ಯದ ಆಸ್ತಮಾ ಎಂದುಕೊಂಡು ಆಕ್ಸಿಜನ್ ಜೋರಾಗಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಮಾಸ್ಟರು ತೂಕಡಿಸತೊಡಗಿದರು. ಕೂಗಿದರೂ ಕಣ್ಣು ತೆರೆಯಲಿಲ್ಲ. ಎರಡು ಬೆರಳನ್ನು ಮಾತ್ರ ಮೆಲ್ಲಗೆ ಎತ್ತಿ ಮಾಸ್ಕಿನ ಮೇಲಿಟ್ಟರು.

"ನೋಡ್ರೀ, ಪ್ರಾಣ ಹೋಗ್ತಿದ್ರೂ ಬೀಡಿ ಬೇಕು ಇವ್ರಿಗೆ!" ಹೆಂಡತಿ ಅತ್ತುಬಿಟ್ಟರು.

ನನಗೆ ಅದು ಡಾಕ್ಟರ ಪ್ರಶ್ನೆಗೆ ಉತ್ತರವಾಗಿ ಕಂಡಿತು. "ಡಾಕ್ಟ್ರೇ, ಹುಡುಗ ಇದ್ದಾಗಿಂದ ಅಂದಿದ್ದು ಬೀಡಿ! ಕಾಯಿಲೆ ಅಲ್ಲ!" ಎಂದು ಕಿರುಚಿದೆ.

ಡಾಕ್ಟರ ಮುಖ ಬದಲಾಯಿತು. ಆಕ್ಸಿಜನ್ ತಗ್ಗಿಸಿದರು, ರಕ್ತ ಪರೀಕ್ಷೆಗೆ ಕಳಿಸಿದರು, ಗಾಳಿ ಒತ್ತುವ ಯಂತ್ರದ ಮಾಸ್ಕು ಬಿಗಿದರು. "ಬೀಡಿಯಿಂದ ಕೆಟ್ಟಿರೋ ಶ್ವಾಸಕೋಶಕ್ಕೆ ಆಕ್ಸಿಜನ್ ಜಾಸ್ತಿಯಾದ್ರೆ ಕೆಟ್ಟ ಗಾಳಿ ಒಳಗೇ ಉಳ್ಕೊಳುತ್ತೆ. ಹೀಗೇ ನಿದ್ದೆಲಿ ಹೋಗ್ಬಿಡ್ತಾರೆ" ಎಂದರು. ಸಂಜೆ ಮಾಸ್ಟರು ಕಣ್ಣು ಬಿಟ್ಟರು.

ಹೀಗೆಂದು ನನ್ನ ನೆನಪು. ಬೆರಳು ಎದ್ದದ್ದು ಮೊದಲೋ, ನಾನು ಕಿರುಚಿದ್ದು ಮೊದಲೋ, ಆಣೆಯಿಟ್ಟು ಹೇಳಲಾರೆ. ಅವರನ್ನೇ ಕೇಳಿದ್ದೆ.

"ಬೀಡಿನೇ ಕೇಳಿದ್ನೋ ಏನೋ ಪ್ರೊಫೆಸರ್ರೇ. ನೀವು ಬದುಕ್ಸಿದ್ರಿ ಅಂತ ಇಟ್ಕೊಳ್ಳಿ, ಚೆನ್ನಾಗಿರುತ್ತೆ" ಎಂದು ಕೆಮ್ಮುತ್ತಲೇ ನಕ್ಕರು.

ಮುಂದಿನ ಚಳಿಗಾಲಕ್ಕೆ ಅವರು ಕೆ.ಆರ್. ಪುರದ ಮಗಳ ಮನೆಯಲ್ಲಿದ್ದರು. ಮತ್ತೆ ಉಸಿರು ಕಟ್ಟಿತು. ಆಸ್ಪತ್ರೆಗೆ ಹೊರಟ ಆಟೋ ಅಲ್ಲಿನ ತೂಗುಸೇತುವೆಯ ಬಳಿ ವಾಹನಗಳ ನಡುವೆ ಸಿಕ್ಕಿಕೊಂಡು ಅಲ್ಲಾಡಲಿಲ್ಲ. "ಎರಡು ಬೆರಳು ತುಟಿಗಿಟ್ಕೊಂಡ್ರು. ಹಂಗೇ ಹೋಗ್ಬಿಟ್ರು" ಎಂದರು ಹೆಂಡತಿ.

ಉತ್ತರ ಕೊಡಲು ಆಟೋದಲ್ಲಿ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ.